ಸೋಮಾರಿ ಗಾಳಿ, ಅವಸರದ ಎಂಜಿನ್

1968ರ ರೇಸ್ ಹಂಗಾಮಿನಲ್ಲಿ ಅಮೆರಿಕದ ಎರಡು ವಿ8 ಎಂಜಿನ್‌ಗಳು ಎದುರುಬದುರಾದವು. ಒಂದು ಶೆವರ್ಲೆಯದು, ಇನ್ನೊಂದು ಫೋರ್ಡ್‌ನದು. ಟ್ರಾನ್ಸ್-ಆ್ಯಮ್ ಎಂಬ ಆ ಸರಣಿಯಲ್ಲಿ ಐದು ಲೀಟರ್ ಮೀರಿದ ಎಂಜಿನ್‌ಗೆ ಪ್ರವೇಶವಿರಲಿಲ್ಲ. ಹಾಗಾಗಿ ಇಬ್ಬರೂ ಒಂದೇ ಅಳತೆಗೆ ಬಂದು ನಿಂತಿದ್ದರು: ಬೋರ್ ನಾಲ್ಕು ಇಂಚು, ಸ್ಟ್ರೋಕ್ ಮೂರು ಇಂಚು, ಒಟ್ಟು 302 ಘನ ಇಂಚು. ನಮ್ಮ ಲೆಕ್ಕದಲ್ಲಿ 4,942 ಸಿಸಿ. ಕಾಗದದ ಮೇಲೆ ಅವಳಿ ಮಕ್ಕಳು. ಬೇರೆಯಾಗಿದ್ದದ್ದು ಮುಖ್ಯವಾಗಿ ತಲೆ, ಅಂದರೆ ಸಿಲಿಂಡರ್ ಹೆಡ್.

ಅದರ ಹಿಂದಿನ ಎರಡು ವರ್ಷವೂ ಪ್ರಶಸ್ತಿ ಫೋರ್ಡ್ ಪಾಲಾಗಿತ್ತು. ಮೂರನೆಯ ಸಲಕ್ಕೆಂದು ಕಂಪನಿ ಹೊಸ ಹೆಡ್ ಮಾಡಿಸಿತು. ಪುಶ್‌ರಾಡ್ ಎಂಜಿನ್‌ನ ಹೆಡ್ ವಿನ್ಯಾಸ ಮಾಡುವವರಿಗೆ ಒಂದು ನಿತ್ಯದ ಕಿರಿಕಿರಿಯಿದೆ. ವಾಲ್ವ್ ತೆರೆಯಿಸುವ ಕ್ಯಾಮ್ ಕೆಳಗೆ, ವಾಲ್ವ್ ಮೇಲೆ, ನಡುವೆ ಉದ್ದನೆಯ ಕಡ್ಡಿಗಳು. ಒಳಬರುವ ಗಾಳಿ ಆ ಕಡ್ಡಿಗಳ ಸಂದಿಯಲ್ಲಿ ಮೈ ಹಿಂಡಿಕೊಂಡು ನುಸುಳಬೇಕು. ಫೋರ್ಡ್‌ನವರು ಸಂದಿಯ ಗೊಡವೆಯೇ ಬೇಡವೆಂದು ಗಾಳಿಯ ದಾರಿಯನ್ನು ನೇರವಾಗಿ, ಅಗಲವಾಗಿ ಕೊರೆದರು. ಅಡ್ಡ ಬಂದ ಕಡ್ಡಿಯನ್ನು ಆ ದಾರಿಯ ನಡುಮಧ್ಯದಲ್ಲೇ ಒಂದು ಸಣ್ಣ ಕೊಳವೆಯೊಳಗೆ ಹಾಯಿಸಿದರು. ಇದಕ್ಕೆ ‘ಟನಲ್ ಪೋರ್ಟ್’ ಎಂದು ಹೆಸರು. 427 ಘನ ಇಂಚಿನ ತಮ್ಮ ದೈತ್ಯ ಎಂಜಿನ್‌ನಲ್ಲಿ ಈ ಉಪಾಯವನ್ನು ಅವರು ಮೊದಲೇ ಬಳಸಿದ್ದರು. ಅಲ್ಲಿ ಫಲ ಕೊಟ್ಟದ್ದು ಇಲ್ಲೇಕೆ ಕೊಡಬಾರದು?

ಕೊಡಲಿಲ್ಲ. ಆ ವರ್ಷದ 13 ರೇಸ್‌ಗಳಲ್ಲಿ ಹತ್ತನ್ನು ಮಾರ್ಕ್ ಡೊನೊಹ್ಯೂ ಎಂಬ ಒಬ್ಬನೇ ಚಾಲಕ ಪೆನ್‌ಸ್ಕಿ ತಂಡದ ಶೆವರ್ಲೆ ಕಮಾರೊದಲ್ಲಿ ಗೆದ್ದ. ಫೋರ್ಡ್‌ನ ಹೊಸ ಹೆಡ್ ಗಾಳಿ ಹಾಯಿಸುವುದರಲ್ಲಿ ಕಡಿಮೆಯೇನಿರಲಿಲ್ಲ. ಆದರೆ ಆ ಗಾಳಿ ಶಕ್ತಿಯಾಗುತ್ತಿದ್ದದ್ದು ಎಂಜಿನ್ ಭೋರ್ಗರೆಯುವ ತುತ್ತತುದಿಯ ಆರ್‌ಪಿಎಂನಲ್ಲಿ ಮಾತ್ರ. ತಿರುವಿನಿಂದ ಹೊರಬರುವಾಗ ಕಾರು ಏಳುತ್ತಿರಲಿಲ್ಲ. ಏಳಿಸಬೇಕೆಂದರೆ ಚಾಲಕ ಎಂಜಿನ್ನನ್ನು ಸದಾ ಆ ತುದಿಯಲ್ಲೇ ಕುಣಿಸಬೇಕು. ಹಾಗೆ ಕುಣಿಸಿದರೆ ಕೆಳಗಿನ ಕ್ರ್ಯಾಂಕು, ಬೇರಿಂಗುಗಳು ತಾಳುತ್ತಿರಲಿಲ್ಲ. ಎಂಜಿನ್‌ಗಳು ಒಂದರ ಹಿಂದೊಂದು ಕೈಕೊಟ್ಟವು.

ಎಂಜಿನ್‌ಗೆ ಹೆಡ್ ಆರಿಸುವವರು ಅಮೆರಿಕದಲ್ಲಿ ಇಂದಿಗೂ ಅದೇ ಜಾರುದಾರಿಯಲ್ಲಿ ಕಾಲಿಡುತ್ತಾರೆ. ಅಲ್ಲಿ ಹಳೆಯ ಕಾರಿನ ಎಂಜಿನ್ ಕಟ್ಟುವುದು ಮನೆಮನೆಯ ಹವ್ಯಾಸ. ಹತ್ತಾರು ಕಂಪನಿಗಳು ಬರಿಯ ಸಿಲಿಂಡರ್ ಹೆಡ್‌ಗಳನ್ನೇ ಮಾಡಿ ಮಾರುತ್ತವೆ. ಒಂದೊಂದರ ಜಾಹೀರಾತಿನಲ್ಲೂ ದಪ್ಪಕ್ಷರದ ಒಂದು ಅಂಕಿ: ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ. ಅದನ್ನು ಸಿಎಫ್‌ಎಂ ಎನ್ನುತ್ತಾರೆ. ಹೆಚ್ಚು ಅಂಕಿಯಿರುವುದೇ ಒಳ್ಳೆಯ ಹೆಡ್ ಎಂದು ಕೊಳ್ಳುವವರ ಎಣಿಕೆ. ಆ ಅಂಕಿ ಸುಳ್ಳಲ್ಲ. ಕೊಂಡವರ ಎಂಜಿನ್ ಓಡುವ ಪರಿಸ್ಥಿತಿಗೂ ಅದಕ್ಕೂ ಬಹಳ ಸಲ ಸಂಬಂಧವಿರುವುದಿಲ್ಲ, ಅಷ್ಟೆ.

ನಮ್ಮಲ್ಲಿ ಹೆಡ್ಡಿನ ಮಾತು ಬರುವುದೇ ಕೇಡುಗಾಲಕ್ಕೆ. ಗ್ಯಾರೇಜಿನಲ್ಲಿ “ಹೆಡ್ ಬಿಚ್ಚಬೇಕು ಸಾರ್” ಅಂದರೆ ಜೇಬು ಮುಟ್ಟಿನೋಡಿಕೊಳ್ಳಬೇಕು ಎಂದೇ ಅರ್ಥ. ಹೆಡ್ಡಿನ ಕಡೆ ನಮ್ಮ ಗಮನ ಹೋಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡಿಗರ ಒಂದು ತಲೆಮಾರು ಎಂಜಿನ್ ಬಿಚ್ಚಿ ಕಲಿತದ್ದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಮೇಲೆ, ಆಮೇಲೆ ಆರ್‌ಎಕ್ಸ್ 100ರ ಮೇಲೆ. ಎಲ್ಲವೂ ಟೂ-ಸ್ಟ್ರೋಕ್. ಅವುಗಳಲ್ಲಿ ಗಾಳಿ ಹೋಗಿ ಬರುವ ಕಿಂಡಿಗಳು ಸಿಲಿಂಡರಿನ ಗೋಡೆಯಲ್ಲೇ ಇರುತ್ತವೆ, ಮೇಲಿನ ಹೆಡ್ ಹೆಚ್ಚುಕಡಿಮೆ ಒಂದು ಮುಚ್ಚಳ. ‘ಪೋರ್ಟಿಂಗ್ ಮಾಡಿಸಿದೆ’ ಎಂದು ಆರ್‌ಎಕ್ಸ್ ಸವಾರರು ಹೇಳುವುದೂ ಬ್ಯಾರೆಲ್, ಅಂದರೆ ಸಿಲಿಂಡರು ಕೆರೆಸಿದ್ದನ್ನೇ. ಫೋರ್-ಸ್ಟ್ರೋಕ್ ಎಂಜಿನ್‌ನ ಸಂಗತಿ ಬೇರೆ. ಅಲ್ಲಿ ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ಎರಡನ್ನೂ ಕಾಯುವ ವಾಲ್ವ್‌ಗಳು, ಬೆಂಕಿ ಹೊತ್ತುವ ಕೋಣೆಯ ಮೇಲ್ಛಾವಣಿ, ಎಲ್ಲವೂ ಹೆಡ್ಡಿನಲ್ಲೇ. ಕೆಳಗಿನ ಬ್ಲಾಕು ಎಷ್ಟೇ ದೊಡ್ಡದಿರಲಿ, ಹೆಡ್ ಬಿಟ್ಟಷ್ಟು ಗಾಳಿಯೇ ಅದಕ್ಕೆ ಗತಿ.

ಎಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ ಎನ್ನುವುದು ರೂಢಿಯ ಮಾತು. ನಿಜದಲ್ಲಿ ಪಿಸ್ಟನ್ ಕೆಳಗಿಳಿದು ಜಾಗ ಮಾಡಿಕೊಡುತ್ತದೆ, ಹೊರಗಿನ ವಾತಾವರಣ ತನ್ನ ಭಾರದಿಂದ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಮಂಗಳೂರಿನ ಕಡಲ ತೀರದಲ್ಲಿರುವುದಕ್ಕಿಂತ ಬೆಂಗಳೂರಿನ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು ಶೇ 10ರಷ್ಟು ಕಡಿಮೆ. ಘಾಟಿ ಹತ್ತಿ ಬಂದ ಹಳೆಯ ಕಾರ್ಬ್ಯುರೇಟರ್ ಗಾಡಿ ಮಂಕಾಗುವುದರ ಹಿಂದೆ ಇದೂ ಇದೆ. ತಳ್ಳುವ ಶಕ್ತಿಗೆ ಮಿತಿಯಿರುವಾಗ ದಾರಿ ಹೇಗಿದೆ ಎಂಬುದು ಮುಖ್ಯವಾಗುತ್ತದೆ.

ಸಮಯಕ್ಕಂತೂ ಇನ್ನೂ ಬರ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪಿಸ್ಟನ್ ಮೇಲಿನಿಂದ ಕೆಳಗಿಳಿಯಲು ತೆಗೆದುಕೊಳ್ಳುವುದು ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗ. ಅಷ್ಟರಲ್ಲಿ ಮುಚ್ಚಿದ ವಾಲ್ವ್‌ನ ಬೆನ್ನಿಗೆ ನಿಶ್ಚಲವಾಗಿ ನಿಂತಿದ್ದ ಗಾಳಿ ಹೊರಡಬೇಕು, ಬಾಗಬೇಕು, ವಾಲ್ವ್‌ನ ಅಂಚಿನ ಸುತ್ತ ಕೊಡೆಯಂತೆ ಹರಡಿ ಒಳಗೆ ಬೀಳಬೇಕು, ಮತ್ತೆ ನಿಲ್ಲಬೇಕು. ಆ ವೇಗದಲ್ಲಿ ಒಂದೊಂದು ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 50 ಸಲ.

ಗಾಳಿಗೆ ತೂಕವಿದೆ ಎಂಬುದನ್ನು ಇಲ್ಲಿ ಮರೆಯಬಾರದು. ತೇರು ಎಳೆದವರಿಗೆ ಗೊತ್ತು, ಅದನ್ನು ಹೊರಡಿಸುವುದು ಕಷ್ಟ, ಹೊರಟ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟ. ಪೋರ್ಟ್‌ನೊಳಗಿನ, ಅಂದರೆ ಹೆಡ್ಡಿನಲ್ಲಿ ಗಾಳಿ ಬರುವ ದಾರಿಯೊಳಗಿನ ಗಾಳಿಯ ಕಂಬವೂ ಹಾಗೆಯೇ. ಪಿಸ್ಟನ್ ತಳ ಮುಟ್ಟಿ ಮತ್ತೆ ಮೇಲೇರಲು ತೊಡಗಿದರೂ ಓಟ ಹಿಡಿದ ಗಾಳಿ ಕೂಡಲೇ ನಿಲ್ಲದೆ, ಬಂದ ರಭಸಕ್ಕೆ ಇನ್ನಷ್ಟು ಒಳನುಗ್ಗುತ್ತದೆ. ಎಂಜಿನ್ ಕಟ್ಟುವವರು ಇದನ್ನು ಬಲ್ಲರು. ಆದ್ದರಿಂದಲೇ ಒಳವಾಲ್ವ್ ಪಿಸ್ಟನ್ ತಳ ಮುಟ್ಟಿದಾಗ ಮುಚ್ಚದೆ, ಅದಾದ ಮೇಲೂ ಒಂದಷ್ಟು ಹೊತ್ತು ತೆರೆದೇ ಇರುವಂತೆ ಕ್ಯಾಮ್ ಕಡೆಯುತ್ತಾರೆ. ಚೆನ್ನಾಗಿ ಹೊಂದಿಸಿದ ರೇಸ್ ಎಂಜಿನ್‌ನಲ್ಲಿ ಸಿಲಿಂಡರು ತನ್ನ ಅಳತೆಗಿಂತಲೂ ಹೆಚ್ಚು ಗಾಳಿ ತುಂಬಿಕೊಳ್ಳುವುದುಂಟು. ಟರ್ಬೊ ಇಲ್ಲ, ಏನಿಲ್ಲ, ಬರಿಯ ಓಟದ ಬಲ.

ಆ ಬಲ ಬರುವುದು ವೇಗದಿಂದ. ವೇಗ ಬರುವುದು ದಾರಿ ತಕ್ಕಷ್ಟು ಕಿರಿದಾಗಿದ್ದರೆ. ಮಾರುವವರ ಜಾಹೀರಾತಿನಲ್ಲಿ ಈ ಮಾತು ಕಾಣುವುದು ಅಪರೂಪ.

ಅಂಕಿಯಲ್ಲೇ ನೋಡೋಣ, ಫೋರ್ಡ್ ಕಥೆಯ ಮುಂದಿನ ಅಧ್ಯಾಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಟನಲ್ ಪೋರ್ಟ್ ಕೈಕೊಟ್ಟ ಮೇಲೆ ಕಂಪನಿ 1969ಕ್ಕೆ ‘ಬಾಸ್ 302’ ತಂದಿತು. ಅದೇ 302 ಘನ ಇಂಚು, ಮೇಲೆ ಹೊಸ ಹೆಡ್. ಈ ಹೆಡ್‌ನ ವಿನ್ಯಾಸ ಮುಂದೆ 351 ಘನ ಇಂಚಿನ ‘ಕ್ಲೀವ್‌ಲ್ಯಾಂಡ್’ ಎಂಜಿನ್‌ನಲ್ಲೂ ಬಂತು. ವಾಲ್ವ್‌ಗಳನ್ನು ಓರೆಯಾಗಿ ನಿಲ್ಲಿಸಿ ಗಾಳಿಯ ತಿರುವನ್ನು ಸಡಿಲಿಸಿದ್ದ ಜಾಣ ವಿನ್ಯಾಸ ಅದು. ಆದರೆ ದೊಡ್ಡದರ ಮೋಹ ಇನ್ನೂ ಇಳಿದಿರಲಿಲ್ಲ. ಒಳವಾಲ್ವ್‌ನ ಅಗಲ 2.23 ಇಂಚು, ಪೋರ್ಟ್‌ನ ಬಾಯಿ ಸುಮಾರು ಎರಡೂವರೆ ಇಂಚು ಎತ್ತರ, ಒಂದೂಮುಕ್ಕಾಲು ಇಂಚು ಅಗಲ. ಎದುರಾಳಿ ಶೆವರ್ಲೆ 302ರ ಒಳವಾಲ್ವ್ 2.02 ಇಂಚಿನದು.

ಮೂಲೆಗಳ ದುಂಡನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಬಾಯಿಯ ವಿಸ್ತಾರ 28 ಚದರ ಸೆಂಟಿಮೀಟರ್. ಎಂಜಿನ್ 3,000 ಆರ್‌ಪಿಎಂನಲ್ಲಿರುವಾಗ 618 ಸಿಸಿಯ ಒಂದು ಸಿಲಿಂಡರ್ ತುಂಬಲು ಈ ಬಾಯಲ್ಲಿ ಗಾಳಿ ಸರಾಸರಿ ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಹರಿಯುತ್ತದೆ. ಇದೇ ಕ್ಲೀವ್‌ಲ್ಯಾಂಡ್ ಕುಟುಂಬದಲ್ಲಿ ಚಿಕ್ಕ ಬಾಯಿಯ ಇನ್ನೊಂದು ಹೆಡ್ ಇತ್ತು, ಅದರ ವಿಸ್ತಾರ ಸುಮಾರು 18 ಚದರ ಸೆಂಟಿಮೀಟರ್. ಅದನ್ನೇ ಇಟ್ಟರೆ ವೇಗ ಸೆಕೆಂಡಿಗೆ 34 ಮೀಟರ್. ವೇಗ ಒಂದೂವರೆ ಪಟ್ಟಾದರೆ ಓಟದ ಬಲ ಎರಡು ಪಟ್ಟು ಮೀರುತ್ತದೆ. ಅದು ವರ್ಗದ ಲೆಕ್ಕದಲ್ಲಿ ಏರುವಂಥದ್ದು.

ದೊಡ್ಡ ಬಾಯಿಯಲ್ಲಿ ನಿಧಾನ ಬಂದ ಗಾಳಿ ಇನ್ನೂ ಎರಡು ತರಲೆ ಮಾಡುತ್ತದೆ. ವಾಲ್ವ್ ತಡವಾಗಿ ಮುಚ್ಚುವುದರಿಂದ, ಮೇಲೇರುವ ಪಿಸ್ಟನ್ ಈ ಸೋಮಾರಿ ಗಾಳಿಯನ್ನು ಬಂದ ದಾರಿಗೇ ವಾಪಸು ಅಟ್ಟುತ್ತದೆ. ಎರಡನೆಯದು ಪೆಟ್ರೋಲ್‌ಗೆ ಸಂಬಂಧಿಸಿದ್ದು. ಕಾರ್ಬ್ಯುರೇಟರ್ ಬಿಟ್ಟ ಪೆಟ್ರೋಲಿನ ಹನಿಗಳನ್ನು ಹೊತ್ತು ಒಯ್ಯುವ ತ್ರಾಣ ಅದಕ್ಕಿಲ್ಲ. ಹನಿಗಳು ಪೋರ್ಟ್‌ನ ಗೋಡೆಗೆ ಅಂಟಿ ತಳದಲ್ಲಿ ಹರಿಯುತ್ತವೆ. ಆಗ ಒಂದು ಸಲ ಮಿಶ್ರಣ ಬಡವಾಗುತ್ತದೆ, ಇನ್ನೊಂದು ಸಲ ಮಂದವಾಗುತ್ತದೆ. ಸಿಗ್ನಲ್‌ನಲ್ಲಿ ಗಾಡಿ ಕೆಮ್ಮುತ್ತದೆ, ನಮ್ಮವರ ಮಾತಿನಲ್ಲಿ ‘ಪಿಕಪ್ಪೇ ಇಲ್ಲ’.

ಫೋರ್ಡ್ 1970ರ ಬಾಸ್‌ಗೆ ಒಳವಾಲ್ವನ್ನು 2.19 ಇಂಚಿಗೆ ಇಳಿಸಿತು. ಆ ವರ್ಷದ ಪ್ರಶಸ್ತಿಯೂ ಅದಕ್ಕೇ ಬಂತು. ಗೆದ್ದದ್ದು ವಾಲ್ವ್ ಇಳಿಸಿದ್ದರಿಂದಲೇ ಎಂದರೆ ಅತಿಯಾದೀತು, ಪಾರ್ನೆಲಿ ಜೋನ್ಸ್‌ನಂಥ ಚಾಲಕ ಸುಮ್ಮನೆ ಕೂತಿರಲಿಲ್ಲ. ಇದಕ್ಕಿಂತ ನನಗೆ ಸ್ವಾರಸ್ಯವೆನಿಸುವುದು ಮುಂದಿನ ದಶಕದಲ್ಲಿ ಎಂಜಿನ್ ಕಟ್ಟುವವರು ಈ ಹೆಡ್‌ಗಳಿಗೆ ಮಾಡಿದ್ದು. ಒಳಪೋರ್ಟ್‌ನ ತಳಕ್ಕೆ ತುಂಬುಗಟ್ಟಿ ಇಟ್ಟು ದಾರಿಯನ್ನು ಕಿರಿದು ಮಾಡಿದರು. ಹೊರಪೋರ್ಟ್‌ನ ಕೆಟ್ಟ ತಿರುವನ್ನು ಕಡಿದುಹಾಕಿ, ಅಲ್ಲಿಗೆ ಎತ್ತರದ ಅಲ್ಯೂಮಿನಿಯಂ ಹಲಗೆ ಬೋಲ್ಟ್ ಮಾಡಿದರು. ಇನ್ನು ಕೆಲವರು ಆಸ್ಟ್ರೇಲಿಯಾದ ಕಡೆ ತಿರುಗಿದರು. ಅಲ್ಲಿನ ಫೋರ್ಡ್ 302 ಕ್ಲೀವ್‌ಲ್ಯಾಂಡ್‌ಗೆ ಚಿಕ್ಕ ಪೋರ್ಟು, ಪುಟ್ಟ ದಹನಕೋಣೆಯ ಹೆಡ್ ಎರಕ ಹೊಯ್ಯುತ್ತಿತ್ತು. ಅಮೆರಿಕದವರು ಅವನ್ನು ಹಡಗಿನಲ್ಲಿ ತರಿಸಿಕೊಂಡರು. ಕಂಪನಿ ಪುಕ್ಕಟೆ ಕೊಟ್ಟಿದ್ದ ಜಾಗವನ್ನು ದುಡ್ಡು ಸುರಿದು ಮುಚ್ಚಿಸಿದಂತಾಯಿತು.

ಇನ್ನು ಸಿಎಫ್‌ಎಂ ಅಂಕಿ ಎಲ್ಲಿಂದ ಬರುತ್ತದೆ ಎಂಬುದು. ಗಾಳಿಯ ಹರಿವನ್ನು ಅಳೆದು ಹೆಡ್ ಕೆತ್ತುವ ವಿದ್ಯೆಗೆ ಹಾದಿ ಮಾಡಿದವರಲ್ಲಿ ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ದೊಡ್ಡ ಹೆಸರು. ಬೇರೆಯವರು ಅಂದಾಜಿನ ಮೇಲೆ ಹೆಡ್ ಮಾಡುತ್ತಿದ್ದ ಕಾಲದಲ್ಲಿ ಆತ ಗಾಳಿ ಹಾಯಿಸಿ ಅಳೆದು ನೋಡುತ್ತಿದ್ದ. 1930ರ ದಶಕದಲ್ಲಿ ವಿಲಿಯಂ ಲಯನ್ಸ್ ತನ್ನ ಎಸ್‌ಎಸ್ ಜಾಗ್ವಾರ್‌ಗೆಂದು ಸ್ಟ್ಯಾಂಡರ್ಡ್ ಕಂಪನಿಯ ಸೈಡ್-ವಾಲ್ವ್ ಎಂಜಿನ್ ತೆಗೆದುಕೊಂಡು ವೆಸ್ಲೇಕ್ ಮುಂದಿಟ್ಟ. ಬ್ಲಾಕು ಅದೇ. ವಾಲ್ವ್‌ಗಳನ್ನು ತಲೆಯ ಮೇಲಕ್ಕೆ ತಂದ ಹೊಸ ಹೆಡ್ ಕೂತ ಮೇಲೆ 70ರ ಆಸುಪಾಸಿನಲ್ಲಿದ್ದ ಅಶ್ವಶಕ್ತಿ ನೂರು ದಾಟಿತು. ಮುಂದೆ ಡ್ಯಾನ್ ಗರ್ನಿ 1967ರ ಬೆಲ್ಜಿಯನ್ ಗ್ರಾನ್ ಪ್ರಿಯನ್ನು ಗೆದ್ದ ಈಗಲ್ ಕಾರಿನ ವಿ12 ಎಂಜಿನ್ ಕೂಡ ವೆಸ್ಲೇಕ್ ಹೆಸರಿನದೇ.

ಅಳೆಯುವ ಯಂತ್ರದ ಹೆಸರು ಫ್ಲೋ ಬೆಂಚ್. ಹೆಡ್ಡನ್ನು ಒಂದು ಪೀಪಾಯಿಯಂಥ ಸಿಲಿಂಡರಿನ ಮೇಲೆ ಕೂರಿಸಿ, ವಾಲ್ವನ್ನು ಇಂತಿಷ್ಟು ಎಂದು ತೆರೆದು ನಿಲ್ಲಿಸಿ, ಬ್ಲೋವರ್‌ನಿಂದ ಗಾಳಿ ಎಳೆದು, ಎಷ್ಟು ಹಾಯಿತೆಂದು ನೋಡುತ್ತಾರೆ. ಅಮೆರಿಕದಲ್ಲಿ ಈಗ ರೂಢಿಯಾಗಿರುವ ಒತ್ತಡದ ವ್ಯತ್ಯಾಸ 28 ಇಂಚು ನೀರು, ಅಂದರೆ ಕೊಳವೆಯಲ್ಲಿ ನೀರು 711 ಮಿಲಿಮೀಟರ್ ಏರುವಷ್ಟು. ಮೊದಲ ಎಚ್ಚರ ಇಲ್ಲೇ ಬೇಕು. ಹಳೆಯ ಪಟ್ಟಿಗಳಲ್ಲಿ 10 ಇಂಚಿನಲ್ಲಿ ಅಳೆದ ಅಂಕಿಗಳಿರುತ್ತವೆ. ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ ಅದೇ ಹೆಡ್ 28 ಇಂಚಿನಲ್ಲಿ 1.67 ಪಟ್ಟು ತೋರಿಸುತ್ತದೆ. ಒತ್ತಡ ಹೇಳದ ಸಿಎಫ್‌ಎಂ ಅಂಕಿಗೆ ಬೆಲೆಯಿಲ್ಲ.

ಎರಡನೆಯದು ವಾಲ್ವ್‌ನ ಲಿಫ್ಟ್, ಅಂದರೆ ಅದು ಎಷ್ಟು ತೆರೆಯುತ್ತದೆ ಎನ್ನುವುದು. ಜಾಹೀರಾತಿನ ದಪ್ಪಕ್ಷರ ಬಹುಪಾಲು 0.600 ಅಥವಾ 0.700 ಇಂಚಿನ ಲಿಫ್ಟ್‌ನಲ್ಲಿ ಅಳೆದದ್ದು. ನಿಮ್ಮ ಕ್ಯಾಮ್ ವಾಲ್ವನ್ನು 0.450 ಇಂಚಷ್ಟೇ ಎತ್ತುವುದಾದರೆ ಆ ಅಂಕಿ ನಿಮ್ಮ ಎಂಜಿನ್‌ನೊಳಗೆ ಎಂದೂ ನಡೆಯದ ಘಟನೆ. ಇಷ್ಟೇ ಅಲ್ಲ. ವಾಲ್ವ್ ತುದಿಯ ಎತ್ತರವನ್ನು ಮುಟ್ಟುವುದು ಒಂದೇ ಸಲ. 0.200, 0.300 ಇಂಚಿನಂಥ ನಡುವಿನ ಮಟ್ಟಗಳನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎರಡು ಸಲ ಹಾಯುತ್ತದೆ. ಪಟ್ಟಿಯ ಕೊನೆಯ ಸಾಲು ಬಿಟ್ಟು ನಡುವಿನ ಸಾಲುಗಳನ್ನು ಓದಿದರೆ ಹೆಡ್ಡಿನ ಗುಣ ಗೊತ್ತಾಗುತ್ತದೆ. ತುದಿಯಲ್ಲಿ 20 ಸಿಎಫ್‌ಎಂ ಹೆಚ್ಚು ಕೊಟ್ಟು ನಡುವೆ 10 ಕಡಿಮೆ ಕೊಡುವ ಹೆಡ್ಡಿಗಿಂತ ನಡುವೆ ತುಂಬಿಕೊಂಡಿರುವುದು ರಸ್ತೆ ಗಾಡಿಗೆ ಲೇಸು.

ಮೂರನೆಯ ಸೂಕ್ಷ್ಮ ಇನ್ನೂ ಮೂಲಭೂತವಾದದ್ದು. ಬೆಂಚಿನ ಮೇಲೆ ಗಾಳಿ ಒಂದೇ ಸಮನೆ ಹರಿಯುತ್ತದೆ. ಎಂಜಿನ್‌ನಲ್ಲಿ ಅದು ಹೊರಟು ನಿಂತು, ಹಿಂದಕ್ಕೆ ಪುಟಿದು ಮತ್ತೆ ಹೊರಡುತ್ತದೆ. ನಿಶ್ಚಲ ಗಾಳಿಯನ್ನು ಓಡಿಸಲು ಬೇಕಾಗುವ ಕಷ್ಟ ಬೆಂಚಿಗೆ ಕಾಣುವುದೇ ಇಲ್ಲ. ಹಾಗಾಗಿ ಬೆಂಚ್ ಸದಾ ದೊಡ್ಡ ಪೋರ್ಟ್‌ನ ಪಕ್ಷಪಾತಿ. ಕೊರೆದಷ್ಟೂ ಅಂಕಿ ಏರುತ್ತದೆ, ಕೊರೆದವನು ಹಿಗ್ಗುತ್ತಾನೆ, ಗಾಡಿ ಮಾತ್ರ ನಿಧಾನವಾಗುತ್ತದೆ.

ಹಾಗೆಂದು ಅಂಕಿಯನ್ನು ಬಿಸಾಡುವಂತಿಲ್ಲ. ಎಂಟು ಸಿಲಿಂಡರಿನ, ಪೆಟ್ರೋಲಿನ, ಚೆನ್ನಾಗಿ ಹೊಂದಿಸಿದ ಎಂಜಿನ್‌ಗೆ ಒಂದು ಒರಟು ಸೂತ್ರವಿದೆ. 28 ಇಂಚಿನಲ್ಲಿ ಅಳೆದ ಒಳಪೋರ್ಟ್‌ನ ಪ್ರತಿ ಸಿಎಫ್‌ಎಂಗೆ ಎರಡು ಅಶ್ವಶಕ್ತಿ. 200 ಸಿಎಫ್‌ಎಂ ಹೆಡ್ 400 ಅಶ್ವಶಕ್ತಿಯನ್ನು ಸಾಕಬಲ್ಲದು. ಅದು ಮೇಲಿನ ಮಿತಿ, ಸಿಕ್ಕೇ ಸಿಗುತ್ತದೆಂಬ ಭರವಸೆಯಲ್ಲ. ಈ ಸೂತ್ರವನ್ನು ಹಿಂದುಮುಂದಾಗಿ ಬಳಸುವುದೇ ಸರಿ. ನನಗೆ ಬೇಕಾದ್ದು 350 ಅಶ್ವಶಕ್ತಿ, ಹಾಗಾದರೆ 175ರಿಂದ 200 ಸಿಎಫ್‌ಎಂ ಸಾಕು, ಅಷ್ಟನ್ನು ಆದಷ್ಟು ಚಿಕ್ಕ ದಾರಿಯಲ್ಲಿ ಹಾಯಿಸುವ ಹೆಡ್ ಯಾವುದು ಎಂದು ಹುಡುಕಬೇಕು.

ಚಿಕ್ಕ ದಾರಿಯಲ್ಲಿ ಹೆಚ್ಚು ಗಾಳಿ ಹೇಗೆ ಸಾಧ್ಯ? ಆಕಾರದಿಂದ. ಹರಿವಿನ ಹಣೆಬರಹ ನಿರ್ಧಾರವಾಗುವುದು ಬಹುಪಾಲು ವಾಲ್ವ್ ಸೀಟಿನ, ಅಂದರೆ ಮುಚ್ಚಿದ ವಾಲ್ವ್ ಕೂರುವ ಅಂಚಿನ ಸುತ್ತಲಿನ ಅರ್ಧ ಇಂಚಿನಲ್ಲಿ. ವಾಲ್ವ್ ತೆರೆದಾಗ ಗಾಳಿಗೆ ಸಿಗುವ ನಿಜವಾದ ಬಾಗಿಲು ಅದರ ಅಂಚಿನ ಸುತ್ತಲಿನ ಉಂಗುರದಂಥ ಸಂದು. ಅದರ ವಿಸ್ತಾರ ವಾಲ್ವ್‌ನ ಸುತ್ತಳತೆಯನ್ನು ಲಿಫ್ಟ್‌ನಿಂದ ಗುಣಿಸಿದಷ್ಟು. ವಾಲ್ವ್ ತನ್ನ ಅಗಲದ ಕಾಲುಭಾಗ ಎದ್ದಾಗ ಈ ಸಂದು ವಾಲ್ವ್‌ನ ಮುಖದಷ್ಟೇ ದೊಡ್ಡದಾಗುತ್ತದೆ. ಅಲ್ಲಿಯವರೆಗೆ ಗಾಳಿಯನ್ನು ತಡೆಯುತ್ತಿರುವುದು ಹಿಂದಿನ ಪೋರ್ಟಲ್ಲ, ಈ ಸಂದು ಮತ್ತು ಅದರ ಅಂಚು. ಲೇತ್ ಶಾಪಿನಲ್ಲಿ ಸೀಟನ್ನು ಒಂದೇ ಓರೆಗೆ ಕತ್ತರಿಸಿ ಕೈತೊಳೆದುಕೊಳ್ಳುವವರಿದ್ದಾರೆ. 30, 45, 60 ಡಿಗ್ರಿ ಎಂದು ಮೂರು ಓರೆ ಕೊಟ್ಟು ಗಾಳಿಯನ್ನು ಮೆಲ್ಲಗೆ ತಿರುಗಿಸುವವರೂ ಇದ್ದಾರೆ. ಎರಡರ ನಡುವಿನ ವ್ಯತ್ಯಾಸ ಬೆಂಚಿನ ಮೇಲೂ ಕಾಣುತ್ತದೆ, ರಸ್ತೆಯ ಮೇಲೂ ಕಾಣುತ್ತದೆ.

ಇನ್ನೊಂದು ಗಂಡಾಂತರದ ಜಾಗ ಪೋರ್ಟ್‌ನ ತಳದ ತಿರುವು. ಅಡ್ಡ ಬಂದ ಗಾಳಿ ವಾಲ್ವ್ ಕಡೆಗೆ ಕೆಳಮುಖವಾಗಿ ಬಾಗುವಾಗ ಹೊರಬದಿಯ ತಿರುವು ಉದ್ದ, ಒಳಬದಿಯದು ಗಿಡ್ಡ. ರಭಸದಿಂದ ಬಂದ ಗಾಳಿ ಗಿಡ್ಡ ತಿರುವಿನ ಗೋಡೆಯನ್ನು ಹಿಡಿದುಕೊಳ್ಳಲಾರದೆ ಕಳಚಿಕೊಂಡು ನೇರ ಹಾರುತ್ತದೆ. ಅಲ್ಲಿ ಸುಳಿ ಹುಟ್ಟುತ್ತದೆ, ವಾಲ್ವ್‌ನ ಅರ್ಧ ಭಾಗ ಕೆಲಸವಿಲ್ಲದೆ ಕೂರುತ್ತದೆ. ಲಿಫ್ಟ್ ಏರಿಸಿದರೂ ಹರಿವು ಏರದೆ ನಿಲ್ಲುವುದು, ಕೆಲವೊಮ್ಮೆ ಇಳಿಯುವುದು ಇದರಿಂದಲೇ. ಬೆಂಚಿನ ಬಳಿ ನಿಂತ ಅನುಭವಸ್ಥರು ಇದನ್ನು ಕಿವಿಯಲ್ಲೇ ಹಿಡಿಯುತ್ತಾರೆ, ಸಮನಾದ ಮೊರೆತ ಒಡೆದು ಒರಟಾಗುತ್ತದೆ. ಪೋರ್ಟ್ ಕೆರೆಯಲು ಹೊರಟ ಹವ್ಯಾಸಿಗಳು ಮೊದಲು ಕೈಹಾಕುವುದು ಸಲೀಸಾಗಿ ಕೈಗೆಟುಕುವ ಪೋರ್ಟ್‌ನ ತಳಕ್ಕೆ. ತಳ ಇಳಿದಷ್ಟೂ ಆ ತಿರುವು ಇನ್ನಷ್ಟು ಗಿಡ್ಡವಾಗುತ್ತದೆ. ಎರಕದ ಲೋಹ ಕೆರೆದು ತೆಗೆಯುವುದು ಸುಲಭ, ಮತ್ತೆ ಅಂಟಿಸುವುದಕ್ಕೆ ವೆಲ್ಡಿಂಗ್‌ನವನೇ ಬೇಕು.

ವಾಲ್ವ್ ದೊಡ್ಡದು ಮಾಡುವುದಕ್ಕೂ ಬೋರ್‌ನ ಗಡಿಯಿದೆ. ಅಂಚು ಸಿಲಿಂಡರಿನ ಗೋಡೆಗೆ ತಾಗುವಷ್ಟು ಹತ್ತಿರವಾದರೆ ಆ ಬದಿಯಿಂದ ಗಾಳಿ ಬರುವುದೇ ಇಲ್ಲ. ಅದಕ್ಕೇ ಹೆಡ್‌ನ ಅಂಕಿಯನ್ನು ಎಷ್ಟು ಅಗಲದ ಸಿಲಿಂಡರಿನ ಮೇಲಿಟ್ಟು ಅಳೆದರು ಎಂದು ಕೇಳಬೇಕು. ಈ ಗಡಿಯನ್ನು ದಾಟುವ ಜಾಣದಾರಿ ಒಂದರ ಬದಲು ಎರಡು ಸಣ್ಣ ವಾಲ್ವ್. ಒಟ್ಟು ಮುಖದ ವಿಸ್ತಾರ ಅಷ್ಟೇ ಇಟ್ಟರೂ ಸುತ್ತಳತೆ ಶೇ 41ರಷ್ಟು ಹೆಚ್ಚುತ್ತದೆ, ಬಾಗಿಲು ಅಷ್ಟು ಬೇಗ ತೆರೆದಂತಾಗುತ್ತದೆ. ಕೀತ್ ಡಕ್‌ವರ್ತ್ ರೂಪಿಸಿದ ಕಾಸ್ವರ್ತ್ ಡಿಎಫ್‌ವಿ ಎಂಜಿನ್ 1967ರಲ್ಲಿ ಝಾಂಡ್‌ವೋರ್ಟ್ ರೇಸ್ ಪಥದಲ್ಲಿ ಜಿಮ್ ಕ್ಲಾರ್ಕ್‌ನ ಲೋಟಸ್ ಕಾರಿನಲ್ಲಿ ತನ್ನ ಮೊದಲ ರೇಸನ್ನೇ ಗೆದ್ದಿತು. ಅದರ ಗುಟ್ಟಿನಲ್ಲಿ ಸಿಲಿಂಡರಿಗೆ ನಾಲ್ಕು ವಾಲ್ವ್ ಮಾತ್ರವಲ್ಲ, ವಾಲ್ವ್‌ಗಳ ನಡುವಿನ ಕೋನವನ್ನು 32 ಡಿಗ್ರಿಗೆ ಇಳಿಸಿದ್ದೂ ಸೇರಿದೆ. ಪೋರ್ಟು ನೇರವಾಯಿತು, ದಹನಕೋಣೆ ಚಪ್ಪಟೆಯಾಯಿತು, ಒಳಬಂದ ಗಾಳಿ ಸಿಲಿಂಡರಿನಲ್ಲಿ ಉರುಳುತ್ತಾ ಪೆಟ್ರೋಲಿನೊಂದಿಗೆ ಬೆರೆಯಿತು. ಹರಿವಿನ ಪ್ರಮಾಣದಷ್ಟೇ ಅದು ಒಳಗೆ ಬಂದಮೇಲೆ ಹೇಗೆ ಸುತ್ತುತ್ತದೆ ಎಂಬುದೂ ಮುಖ್ಯ. ಚೆನ್ನಾಗಿ ಕಲಕಿದ ಮಿಶ್ರಣ ಬೇಗ ಉರಿಯುತ್ತದೆ.

ನಮ್ಮ ರಸ್ತೆಗಳಲ್ಲೂ ಇದರ ಮಾದರಿಗಳು ಓಡಾಡಿವೆ. ಮಾರುತಿ ಎಸ್ಟೀಮ್‌ನ 1,298 ಸಿಸಿ ಎಂಜಿನ್ ಮೊದಲು ಬಂದಾಗ ಎಂಟು ವಾಲ್ವ್, ಕಾರ್ಬ್ಯುರೇಟರ್, 65 ಅಶ್ವಶಕ್ತಿ. ಮುಂದೆ 16 ವಾಲ್ವ್‌ನ ಹೆಡ್ ಮತ್ತು ಫ್ಯೂಯಲ್ ಇಂಜೆಕ್ಷನ್ ಕೂತ ಮೇಲೆ 85. ಬೋರ್ ಬದಲಾಗಲಿಲ್ಲ, ಸ್ಟ್ರೋಕ್ ಬದಲಾಗಲಿಲ್ಲ. ಇಂಜೆಕ್ಷನ್‌ಗೂ ಅದರಲ್ಲಿ ಪಾಲಿದೆ, ಆದರೂ ಹೆಡ್ಡಿನ ಪಾಲು ಸಣ್ಣದಲ್ಲ. ಇದಕ್ಕೆ ತದ್ವಿರುದ್ಧದ ಮಾದರಿ ಅಂಬಾಸಿಡರ್. ಅದರ 1,489 ಸಿಸಿಯ ಬಿಎಂಸಿ ಬಿ-ಸೀರೀಸ್ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರಿಗೆ ಒಳಪೋರ್ಟ್‌ಗಳು ಎರಡೇ. ಒಂದು, ಎರಡನೆಯ ಸಿಲಿಂಡರುಗಳಿಗೆ ಒಂದು ಬಾಯಿ. ಮೂರು, ನಾಲ್ಕಕ್ಕೆ ಇನ್ನೊಂದು. ಹೊತ್ತಿಕೊಳ್ಳುವ ಕ್ರಮ 1-3-4-2 ಆದ್ದರಿಂದ ಒಂದೇ ಬಾಯಿಯ ಜೋಡಿ ಬೆನ್ನುಬೆನ್ನಿಗೆ ಗಾಳಿ ಕೇಳುತ್ತದೆ, ಆಮೇಲೆ ಎರಡೂ ಸುಮ್ಮನಿರುತ್ತವೆ. ಒಬ್ಬರ ಊಟದ ಹೊತ್ತಿಗೆ ಇನ್ನೊಬ್ಬರ ಕೈ ತಟ್ಟೆಯಲ್ಲಿ. ಹಂಚಿಕೆ ಸಮನಾಗುವುದಿಲ್ಲ. ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಹೆಡ್‌ನ ಒಂದೇ ಬದಿಯಲ್ಲಾದ್ದರಿಂದ ಬರುವ ಗಾಳಿ ಬಿಸಿಯಾಗುತ್ತದೆ ಬೇರೆ. ಆದರೆ ಅಂಬಾಸಿಡರ್‌ಗೆ ಯಾರೂ ರೇಸ್ ಓಡು ಎನ್ನಲಿಲ್ಲ. ಎಂಟು ಜನರನ್ನು ತುಂಬಿಕೊಂಡು ಕೆಳಗಿನ ಆರ್‌ಪಿಎಂನಲ್ಲಿ ಗುರುಗುಟ್ಟುತ್ತಾ ಹೋಗುವುದಕ್ಕೆ ಆ ಕಿರಿದಾದ ದಾರಿ ಧಾರಾಳವಾಗಿ ಸಾಕಿತ್ತು.

ಹೊರಪೋರ್ಟ್ ಬಗ್ಗೆ ಎರಡೇ ಮಾತು. ಉರಿದ ಅನಿಲವನ್ನು ಪಿಸ್ಟನ್ನೇ ನೂಕುವುದರಿಂದ ಅದಕ್ಕೆ ಚಿಕ್ಕ ವಾಲ್ವ್ ಸಾಕು. ಒಳಹರಿವಿನ ಮುಕ್ಕಾಲು ಪಾಲಿನಷ್ಟು ಹೊರಹರಿವಿದ್ದರೆ ರಸ್ತೆ ಎಂಜಿನ್ ಕೊರಗುವುದಿಲ್ಲ. ಫ್ರೀ ಫ್ಲೋ ಸೈಲೆನ್ಸರ್ ಹಾಕಿ ಬೀದಿ ಎಬ್ಬಿಸುವವರು ಹೆಚ್ಚಿಸುವುದು ಬಹುಪಾಲು ಸದ್ದನ್ನೇ.

ಈಗ ಒಂದು ನಿಜವಾದ ಆಯ್ಕೆ. ಅಮೆರಿಕದಲ್ಲಿ ಅತಿ ಹೆಚ್ಚು ಮಂದಿ ಕಟ್ಟುವ ಎಂಜಿನ್‌ಗಳಲ್ಲಿ ಶೆವರ್ಲೆ 350 ಒಂದು, ಅಂದರೆ 5.7 ಲೀಟರ್. ಅದು ರಸ್ತೆಯಲ್ಲಿ 5,500 ಆರ್‌ಪಿಎಂ ದಾಟುವುದಿಲ್ಲ ಎನ್ನೋಣ. ಎರಡು ಸುತ್ತಿಗೊಮ್ಮೆ ಪೂರ್ತಿ ಅಳತೆಯಷ್ಟು ಗಾಳಿ ಸೇವಿಸಿದರೆ ನಿಮಿಷಕ್ಕೆ ಸುಮಾರು 15,700 ಲೀಟರ್ ಆಯಿತು. ಮಾರುಕಟ್ಟೆಯ ಹೆಡ್‌ಗಳನ್ನು ಪೋರ್ಟ್‌ನೊಳಗೆ ಎಷ್ಟು ದ್ರವ ಹಿಡಿಯುತ್ತದೆ ಎಂಬ ಲೆಕ್ಕದ ಮೇಲೆ 180, 195, 210 ಸಿಸಿ ಎಂದು ಹೆಸರಿಸಿ ಮಾರುತ್ತಾರೆ. ಹೊಸಬರ ಕಣ್ಣು 210ರ ಮೇಲೆ. ಆದರೆ ಈ ಎಂಜಿನ್‌ಗೆ ಹೊಂದುವುದು 180ರ ಆಸುಪಾಸು. 210 ಬೇಕಾಗುವುದು ಎಂಜಿನ್ ಇನ್ನೂ ದೊಡ್ಡದಿದ್ದರೆ, ಇಲ್ಲವೇ 7,000 ಆರ್‌ಪಿಎಂನಲ್ಲಿ ಬದುಕುವುದಾದರೆ.

ದುಡ್ಡು ಕಡಿಮೆಯಿದ್ದವರು ಇನ್ನೂ ಚಿಕ್ಕದಕ್ಕೆ ಹೋಗುತ್ತಾರೆ. ಜನರಲ್ ಮೋಟಾರ್ಸ್ 1996ರಲ್ಲಿ ತನ್ನ ಟ್ರಕ್ಕುಗಳಿಗೆಂದು ‘ವೋರ್ಟೆಕ್’ ಎಂಬ ಎರಕದ ಕಬ್ಬಿಣದ ಹೆಡ್ ತಂದಿತು. ಪೋರ್ಟ್ 170 ಸಿಸಿ ಆಸುಪಾಸು, ಒಳವಾಲ್ವ್ 1.94 ಇಂಚಿನದು, ದಹನಕೋಣೆ 64 ಸಿಸಿ. ಆದರೂ 2.02 ಇಂಚಿನ ವಾಲ್ವ್ ಇದ್ದ, ಅರುವತ್ತರ ದಶಕದ ಹುಡುಗರು ಪೂಜಿಸುತ್ತಿದ್ದ ಶೆವರ್ಲೆ ಹೆಡ್‌ಗಳಿಗಿಂತ ಇದು ಚೆನ್ನಾಗಿ ಗಾಳಿ ಹಾಯಿಸುತ್ತದೆ. ವಾಲ್ವ್ ಚಿಕ್ಕದಾಗಿ ಹರಿವು ಹೆಚ್ಚಿದರೆ ಅದು ಆಕಾರದ ಗೆಲುವು. ಗುಜರಿಯಲ್ಲಿ ಸಿಗುತ್ತಿದ್ದ ಈ ಟ್ರಕ್ ಹೆಡ್ ಬಹುಬೇಗ ಹವ್ಯಾಸಿಗಳ ಕಣ್ಮಣಿಯಾಯಿತು. ಅದಕ್ಕೂ ಅದರದೇ ಷರತ್ತುಗಳಿವೆ. ಹಳೆಯ ಇನ್‌ಟೇಕ್ ಮ್ಯಾನಿಫೋಲ್ಡ್ ಅದರ ಮೇಲೆ ಕೂರುವುದಿಲ್ಲ, ಬೋಲ್ಟ್‌ಗಳ ಜಾಗವೇ ಬೇರೆ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಲಿಫ್ಟ್ 0.460 ಇಂಚಿನ ಆಸುಪಾಸು ದಾಟಿದರೆ ಸ್ಪ್ರಿಂಗ್‌ನ ಬಟ್ಟಲು ಕೆಳಗಿನ ಸೀಲಿಗೆ ಬಡಿಯುತ್ತದೆ. ಮೊದಲು ಕ್ಯಾಮ್ ಕೊಂಡು ಆಮೇಲೆ ಹೆಡ್ ಹುಡುಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಹೆಡ್ ಮೊದಲು ಆರಿಸಿ, ಅದರ ಹರಿವು ಯಾವ ಲಿಫ್ಟ್‌ನಲ್ಲಿ ನಿಲ್ಲುತ್ತದೋ ನೋಡಿ, ಅದಕ್ಕೆ ತಕ್ಕ ಕ್ಯಾಮ್, ಆಮೇಲೆ ಕಾರ್ಬ್ಯುರೇಟರ್ ಎಂದು ಹೋಗುವುದು ಖರ್ಚು ಉಳಿಸುವ ಕ್ರಮ.

ನಮ್ಮಲ್ಲಿ ಇಷ್ಟು ಬಗೆಯ ಹೆಡ್‌ಗಳು ಅಂಗಡಿಯಲ್ಲಿ ಸಾಲಾಗಿ ಕೂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಲು ಬಿಡುವುದಿಲ್ಲ. ಆದ್ದರಿಂದ ಹಳೆಯ ಬುಲೆಟ್ಟನ್ನೋ ಅಂಬಾಸಿಡರನ್ನೋ ಇಟ್ಟುಕೊಂಡವರಿಗೆ ಆಯ್ಕೆ ಉಳಿಯುವುದು ಹೆಡ್ ಹೇಗಿದ್ದರೂ ಬಿಚ್ಚಲೇಬೇಕಾದ ದಿನ. ಅವತ್ತು ಪೋರ್ಟ್ ಅಗಲಿಸಲು ದುಡ್ಡು ಕೊಡಬೇಡಿ. ಸವೆದ ವಾಲ್ವ್ ಗೈಡ್ ಬದಲಿಸಿ, ಸೀಟಿಗೆ ಮೂರು ಓರೆ ಕೊಡಿಸಿ, ಮ್ಯಾನಿಫೋಲ್ಡ್‌ನ ಬಾಯಿಗೂ ಪೋರ್ಟ್‌ನ ಬಾಯಿಗೂ ನಡುವೆ ಗ್ಯಾಸ್ಕೆಟ್ ಇಣುಕುತ್ತಿದೆಯೇ ಎಂದು ಬೆರಳಾಡಿಸಿ ನೋಡಿ. ಇಣುಕುತ್ತಿದ್ದರೆ ಬ್ಲೇಡ್‌ನಲ್ಲಿ ಕತ್ತರಿಸಿ ಸರಿಮಾಡಿಸಿ. ಅದಕ್ಕೆ ಯಾರೂ ಬಿಲ್ಲು ಮಾಡುವುದಿಲ್ಲ.